ಡಬ್ಬಿ ಒಳಗಿನ ಇಬ್ಬನಿ: ತೋಟದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ತೇವದಿಂದ ಕಾಪಾಡೋದು ಹೇಗೆ?



ಈ ವಾರ ಗೊಬ್ಬರ, ಕೀಟ, ರೋಗದ ಮಾತನ್ನು ಸ್ವಲ್ಪ ಪಕ್ಕಕ್ಕಿಡೋಣ. ಮೊಬೈಲ್ ಸ್ಟಾರ್ಟರ್, ಡ್ರಿಪ್ ಕಂಟ್ರೋಲರ್, ಮಣ್ಣಿನ ತೇವಾಂಶ ನೋಡೋ ಸೆನ್ಸರ್, ಸೋಲಾರ್ ಬೇಲಿ ಯಂತ್ರ. ಇವುಗಳಲ್ಲಿ ಒಂದಾದರೂ ನಿಮ್ಮ ತೋಟದಲ್ಲಿ ಇರಬಹುದು. ಮನೆಯೊಳಗೆ ಇರೋ ಟಿವಿಯಷ್ಟೇ ಸೂಕ್ಷ್ಮವಾದ ಬೋರ್ಡು ಇವುಗಳ ಒಳಗೂ ಇದೆ. ಆದರೆ ಅದು ಬದುಕಬೇಕಾಗಿರೋದು ಬಿಸಿಲು, ಮಳೆ, ಮಂಜು, ಇರುವೆಗಳ ನಡುವೆ. ಮಳೆಗಾಲಕ್ಕೆ ಮೊದಲು ಅರ್ಧ ದಿನ ಕೊಟ್ಟರೆ ಇದನ್ನು ಉಳಿಸಿಕೊಳ್ಳಬಹುದು. ಹೇಗೆ ಅಂತ ಹೇಳೋ ಮೊದಲು ನಾನು ಪಾಠ ಕಲಿತ ಕಥೆ ಹೇಳ್ತೀನಿ.

ಒಂದು ರಾತ್ರಿಯ ಪಾಠ

ಎರಡು ವರ್ಷದ ಹಿಂದೆ, ಮೇ ತಿಂಗಳ ಮೊದಲ ವಾರ. ನಮ್ಮ ನೆರಳು ಮನೆಯಲ್ಲಿ 1200 ಕಾಳುಮೆಣಸಿನ ಸಸಿ ಇದ್ದವು. ಮಂಜಿನಂತೆ ನೀರು ಚಿಮ್ಮಿಸೋ ಫಾಗರ್‌ಗೆ ನಾನೇ ಒಂದು ಕಂಟ್ರೋಲರ್ ಜೋಡಿಸಿದ್ದೆ. ಒಂದು ಚಿಕ್ಕ ಬೋರ್ಡು, ಒಂದು ರಿಲೇ, ಗಾಳಿಯ ತೇವ ನೋಡೋಕೆ ಒಂದು ಸೆನ್ಸರ್. ಅದನ್ನು ಒಳ್ಳೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು, ಸಂದುಗೊಂದಿಗೆಲ್ಲ ಸಿಲಿಕೋನ್ ತುಂಬಿಸಿ, "ಇನ್ನು ಹನಿ ನೀರೂ ಒಳಗೆ ಹೋಗಲ್ಲ" ಅಂತ ಅಪ್ಪನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ.

ಅವತ್ತು ಮಧ್ಯಾಹ್ನ ಸುಡು ಬಿಸಿಲು. ಸಂಜೆ ಐದಕ್ಕೆ ಗುಡುಗು, ಗಾಳಿ, ಭರ್ಜರಿ ಮಳೆ. ಬೆಳಿಗ್ಗೆ ನೋಡಿದರೆ ಫಾಗರ್ ನಿಂತೇ ಇಲ್ಲ, ರಾತ್ರಿಯಿಡೀ ಓಡಿದೆ. ಪಾಲಿಥಿನ್ ಚೀಲಗಳ ಮಣ್ಣು ಕೆಸರಾಗಿತ್ತು. ಡಬ್ಬಿಯ ಮುಚ್ಚಳ ತೆಗೆದೆ. ಹೊರಗಿನಿಂದ ನೀರು ನುಗ್ಗಿದ ಗುರುತೇ ಇಲ್ಲ, ಆದರೆ ಮುಚ್ಚಳದ ಒಳಮೈ ತುಂಬಾ ಹನಿಹನಿ ನೀರು, ಪಾತ್ರೆ ಮೇಲೆ ಮುಚ್ಚಿದ ತಟ್ಟೆಯ ಹಾಗೆ. ಮುಂದಿನ ಎರಡು ವಾರದಲ್ಲಿ ಕೊಳೆ ರೋಗ ಬಂದು 400ಕ್ಕೂ ಹೆಚ್ಚು ಸಸಿ ಕಪ್ಪಾಗಿ ಬಿದ್ದವು.

ನಾನು ಓದಿದ್ದು ತೋಟಗಾರಿಕೆ. ಎಲೆ ಮೇಲೆ ಇಬ್ಬನಿ ಎಷ್ಟು ಗಂಟೆ ನಿಂತರೆ ಯಾವ ರೋಗ ಬರುತ್ತೆ ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು. ಅದೇ ಇಬ್ಬನಿ ನನ್ನ ಡಬ್ಬಿ ಒಳಗೂ ಬೀಳುತ್ತೆ ಅಂತ ಮಾತ್ರ ಹೊಳೆದಿರಲಿಲ್ಲ.

ಮುಚ್ಚಿದ ಡಬ್ಬಿಗೆ ನೀರು ಬಂದಿದ್ದು ಎಲ್ಲಿಂದ?

ಬಿಸಿ ಗಾಳಿ ಹೆಚ್ಚು ತೇವ ಹಿಡಿದುಕೊಳ್ಳುತ್ತೆ, ತಂಪು ಗಾಳಿ ಕಡಿಮೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು. 20 ಡಿಗ್ರಿಗೆ ಇಳಿದರೆ ಅದು ಸುಮಾರು 17 ಗ್ರಾಂಗೆ ಇಳಿಯುತ್ತೆ. ಮಿಕ್ಕಿದ್ದು ತಣ್ಣಗಿರೋ ಜಾಗದ ಮೇಲೆ ಹನಿಯಾಗಿ ಕೂರುತ್ತೆ. ಎಲೆ ಮೇಲೆ ಬಿದ್ದರೆ ಇಬ್ಬನಿ, ಡಬ್ಬಿ ಒಳಗೆ ಬಿದ್ದರೆ ಬೋರ್ಡಿಗೆ ಕೇಡು.

ಎರಡನೇ ವಿಷಯ, ಡಬ್ಬಿ ಉಸಿರಾಡುತ್ತೆ. ಬಿಸಿಲಿಗೆ ಒಳಗಿನ ಗಾಳಿ 30ರಿಂದ 60 ಡಿಗ್ರಿಗೆ ಏರಿದರೆ ಹತ್ತರಲ್ಲಿ ಒಂದು ಪಾಲು ಹಿಗ್ಗಿ, ಸಿಕ್ಕ ಸಂದಿನಿಂದ ಹೊರಗೆ ಹೋಗುತ್ತೆ. ಸಂಜೆ ಮಳೆ ಬಿದ್ದು ಡಬ್ಬಿ ದಿಢೀರ್ ತಣ್ಣಗಾದರೆ ಅಷ್ಟೇ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೆ. ಆಗ ಹೊರಗಿರೋದು ಮಳೆಯ ಒದ್ದೆ ಗಾಳಿ. ಕೇಬಲ್ ಸುತ್ತ ಕೂದಲೆಳೆಯಷ್ಟು ಸಂದಿದ್ದರೂ ಸಾಕು. ದಿನಾ ಹೀಗೆ ಆಗ್ತಾ ಆಗ್ತಾ ಒಳಗೆ ನೀರು ಸೇರುತ್ತೆ. ನಾನು ಗಟ್ಟಿಯಾಗಿ ಮುಚ್ಚಿದ್ದರಿಂದ ಹೊರಗೆ ಹೋಗೋ ದಾರಿ ಇರಲಿಲ್ಲ.

ಮಲೆನಾಡು, ಕರಾವಳಿಯವರಿಗೆ ಮಾತ್ರ ಈ ತೊಂದರೆ ಅಂದುಕೊಳ್ಳಬೇಡಿ. ಬಯಲುಸೀಮೆಯಲ್ಲೂ ಹಗಲು ರಾತ್ರಿಯ ಉಷ್ಣತೆಗೆ ತುಂಬಾ ವ್ಯತ್ಯಾಸ ಇರೋ ಚಳಿಗಾಲದಲ್ಲಿ ಇದೇ ಆಗುತ್ತೆ. ಕರಾವಳಿಯಲ್ಲಿ ಇದರ ಜೊತೆ ಉಪ್ಪಿನ ಗಾಳಿಯೂ ಸೇರುತ್ತೆ.

ತೇವ ಬೋರ್ಡಿಗೆ ಏನು ಮಾಡುತ್ತೆ?

ಶುದ್ಧ ನೀರಿನಲ್ಲಿ ಕರೆಂಟು ಹೆಚ್ಚು ಹರಿಯಲ್ಲ. ಆದರೆ ನಮ್ಮ ಬೋರ್ಡಿನ ಮೇಲೆ ಧೂಳು, ಬೆಸುಗೆ ಹಾಕುವಾಗ ಉಳಿದ ಅಂಟು, ಬೆರಳಿನ ಬೆವರು, ರಸಗೊಬ್ಬರದ ಕಣ ಇದ್ದೇ ಇರುತ್ತೆ. ಅದು ತೇವದಲ್ಲಿ ಕರಗಿದರೆ ಉಪ್ಪು ನೀರಾಯ್ತು, ಕರೆಂಟು ಹರಿಯೋಕೆ ಶುರುವಾಯ್ತು. ರಿಲೇಗೆ ಅಪ್ಪಣೆ ಕೊಡೋ ಟ್ರಾನ್ಸಿಸ್ಟರ್‌ಗೆ ಬೇಕಾಗೋದು ಬಹಳ ಸಣ್ಣ ಕರೆಂಟು. ನನ್ನ ಬೋರ್ಡಿನಲ್ಲಿ ಒದ್ದೆ ಧೂಳೇ ಆ ಅಪ್ಪಣೆ ಕೊಟ್ಟಿತ್ತು. ಪ್ರೋಗ್ರಾಂ "ಆಫ್" ಅಂತಿದ್ದರೂ ರಿಲೇ ಆನ್ ಆಗೇ ಇತ್ತು.

ನಿಧಾನವಾಗಿ ಆಗೋ ಹಾನಿ ಇನ್ನೂ ಇದೆ. ತೇವದ ಜೊತೆ ಡಿಸಿ ಕರೆಂಟು ಸೇರಿದರೆ ತಾಮ್ರ, ತವರದ ಕಣಗಳು ಒಂದು ಗೆರೆಯಿಂದ ಕರಗಿ ಇನ್ನೊಂದರ ಕಡೆ ಹೋಗಿ, ಬೇರಿನ ಹಾಗೆ ಕವಲೊಡೆದು ಬೆಳೆಯುತ್ತವೆ. ಎರಡು ಗೆರೆ ಮುಟ್ಟಿದ ದಿನ ಶಾರ್ಟ್. ಹಸಿರು ಕಿಲುಬು ಹಿಡಿದು ತೆಳು ಗೆರೆ ತುಂಡಾಗೋದು ಇನ್ನೊಂದು ಬಗೆ.

ಸಾವಯವ ಮಾಡೋರಿಗೆ ಒಂದು ಕಿವಿಮಾತು. ಕೊಟ್ಟಿಗೆ ಪಕ್ಕ, ಜೀವಾಮೃತದ ತೊಟ್ಟಿ ಪಕ್ಕ ಪ್ಯಾನೆಲ್ ಹಾಕಬೇಡಿ. ಗಂಜಲದಿಂದ ಬರೋ ಅಮೋನಿಯಾ ತೇವದ ಜೊತೆ ಸೇರಿ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತೆ.

ಮೊದಲು ಪ್ರಾಣ, ಆಮೇಲೆ ಬೋರ್ಡು

ಕೆಲಸ ಶುರು ಮಾಡೋ ಮೊದಲು ಇದನ್ನು ಓದಿ. ಮೂರು ಫೇಸ್ ಅಂದರೆ 400 ವೋಲ್ಟ್‌ಗೂ ಮೇಲೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪ್ಯಾನೆಲ್ ತೆಗೆಯೋದು ಬೇಡವೇ ಬೇಡ. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಟೆಸ್ಟರ್‌ನಿಂದ ನೋಡಿ, ಆಮೇಲೆ ಮುಟ್ಟಿ. ಮೊಬೈಲ್ ಸ್ಟಾರ್ಟರ್ ಇರೋರು ಇನ್ನೂ ಹುಷಾರು. ನೀವು ಪ್ಯಾನೆಲ್ ಹತ್ತಿರ ಇದ್ದಾಗ ಮನೆಯಿಂದ ಯಾರೋ ಮೋಟರ್ ಆನ್ ಮಾಡಬಹುದು. ಸೋಲಾರ್ ಪಂಪಿನ ಕಂಟ್ರೋಲರ್ ಒಳಗೆ ಆಫ್ ಮಾಡಿದ ಮೇಲೂ ನೂರಾರು ವೋಲ್ಟ್ ಉಳಿದಿರುತ್ತೆ, ಪ್ಯಾನೆಲ್ ಮೇಲೆ ಬಿಸಿಲಿದ್ದಷ್ಟು ಹೊತ್ತೂ ತಂತಿಯಲ್ಲಿ ಕರೆಂಟು ಬರ್ತಾ ಇರುತ್ತೆ. ಅದನ್ನು ನೀವು ಬಿಚ್ಚಬೇಡಿ.

ಈ ಲೇಖನದಲ್ಲಿ ಹೇಳೋ ಬೋರ್ಡಿನ ಕೆಲಸ 5, 12, 24 ವೋಲ್ಟಿನ ಸಣ್ಣ ಬೋರ್ಡುಗಳಿಗೆ ಮಾತ್ರ. ದೊಡ್ಡ ಕರೆಂಟಿನ ಕೆಲಸಕ್ಕೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ. ಗ್ಯಾರಂಟಿ ಇರೋ ಯಂತ್ರವನ್ನು ತೆಗೆದರೆ ಗ್ಯಾರಂಟಿ ಹೋಗಬಹುದು, ಮಾರಿದವರನ್ನು ಕೇಳಿಯೇ ಮುಂದುವರಿಯಿರಿ.

1. ಡಬ್ಬಿ ಮತ್ತು ಜಾಗ

ಡಬ್ಬಿ ಮೇಲೆ ಐಪಿ 65, ಐಪಿ 67 ಅಂತ ಬರೆದಿರುತ್ತೆ. ಮೊದಲ ಅಂಕಿ ಧೂಳಿನದು, 6 ಅಂದರೆ ಧೂಳು ಪೂರ್ತಿ ಬಂದ್. ಎರಡನೇದು ನೀರಿನದು. 5 ಅಂದರೆ ಪೈಪಿನಿಂದ ನೀರು ಚಿಮ್ಮಿದರೂ ತಡೆಯುತ್ತೆ, 7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತೆ. ಆದರೆ ಈ ಪರೀಕ್ಷೆ ಮಾಡೋದು ಹರಿಯೋ ನೀರಿಗೆ, ಸ್ವಲ್ಪ ಹೊತ್ತಿಗೆ. ತಿಂಗಳುಗಟ್ಟಲೆ ಒಳಗೆ ಬರೋ ಆವಿಗೆ ಅಲ್ಲ. ಅಲ್ಲದೆ ನೀವು ಡ್ರಿಲ್ ಹಿಡಿದು ಒಂದು ತೂತು ಕೊರೆದ ಕ್ಷಣ ಆ ನಂಬರಿಗೆ ಬೆಲೆ ಇಲ್ಲ.

ಬಿಸಿ ಕಡಿಮೆಯಾದರೆ ಡಬ್ಬಿ ಉಸಿರಾಡೋದೂ ಕಡಿಮೆಯಾಗುತ್ತೆ. ಆದ್ದರಿಂದ ನೆರಳಿನಲ್ಲಿ, ನೆಲದಿಂದ ನಾಲ್ಕೈದು ಅಡಿ ಮೇಲೆ, ತಿಳಿ ಬಣ್ಣದ ಡಬ್ಬಿ ಹಾಕಿ. ಮೇಲೆ ಒಂದು ತುಂಡು ಶೀಟಿನ ಸೂರು ಇರಲಿ. ಶೀಟಿಗೂ ಡಬ್ಬಿಗೂ ಅಂಟದ ಹಾಗೆ ನಾಲ್ಕು ಬೆರಳು ಅಂತರ ಬಿಡಿ.

ಇನ್ನು ಮುಖ್ಯವಾದ ಮಾತು. ಒಳಗೆ ಬಂದ ನೀರಿಗೆ ಹೊರಗೆ ಹೋಗೋ ದಾರಿ ಬೇಕು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೀತೀವಲ್ಲ, ಇಲ್ಲೂ ಅದೇ ಲೆಕ್ಕ. ಮಳೆ ನೇರ ಬೀಳದ ಜಾಗದ ದೊಡ್ಡ ಡಬ್ಬಿಯಾದರೆ ತಳದ ಅತಿ ತಗ್ಗಿನ ಮೂಲೆಯಲ್ಲಿ 4–5 ಮಿಲಿಮೀಟರಿನ ಒಂದು ತೂತು ಕೊರೆದು, ಒಳಗಿನಿಂದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ. ಜಾಲರಿ ಮರೆತರೆ ಇರುವೆ, ಹಲ್ಲಿ ಒಳಗೆ ಸಂಸಾರ ಹೂಡುತ್ತವೆ. ಬಯಲಲ್ಲಿ ಇರೋ ಸಣ್ಣ ಡಬ್ಬಿಗೆ ತೂತಿನ ಬದಲು ಗಾಳಿ ಬಿಟ್ಟು ನೀರು ತಡೆಯೋ ಬ್ರೀದರ್ ಪ್ಲಗ್ ಸಿಗುತ್ತೆ, ಅದನ್ನು ಡಬ್ಬಿಯ ಪಕ್ಕಕ್ಕೋ ಕೆಳಗೋ ಹಾಕಿ.

ಸಿಲಿಕಾ ಜೆಲ್ ಪೊಟ್ಟಣ ಚೆನ್ನಾಗಿ ಮುಚ್ಚಿದ ಸಣ್ಣ ಡಬ್ಬಿಗೆ ಮಾತ್ರ ಉಪಯೋಗ. ತೂತಿರೋ ಡಬ್ಬಿಯಲ್ಲಿ ಇಟ್ಟರೆ ಅದು ಕೆಲವೇ ದಿನದಲ್ಲಿ ತೇವ ಕುಡಿದು ಸುಮ್ಮನಾಗುತ್ತೆ. ಬಣ್ಣ ಬದಲಾಗೋ ಜೆಲ್ ತಗೊಳ್ಳಿ, ತೇವ ಹೀರಿದ್ದು ಕಣ್ಣಿಗೇ ಕಾಣುತ್ತೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ, ಅದು ವಿಷ. ಕಿತ್ತಳೆ ಬಣ್ಣದ್ದು ಒಳ್ಳೆಯದು. ಎರಡನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

2. ಕೇಬಲ್ ಬರೋ ದಾರಿ

ನೀರು ಒಳಗೆ ಬರೋ ಹೆದ್ದಾರಿ ಅಂದರೆ ಕೇಬಲ್. ಮೂರು ನಿಯಮ ನೆನಪಿಡಿ.

ಒಂದು, ಕೇಬಲ್ ಯಾವಾಗಲೂ ಡಬ್ಬಿಯ ತಳದಿಂದಲೇ ಒಳಗೆ ಹೋಗಲಿ. ಮೇಲಿನಿಂದ ಖಂಡಿತ ಬೇಡ.

ಎರಡು, ಒಳಗೆ ಹೋಗೋ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಜೋತು ಬಿದ್ದು ಆಮೇಲೆ ಮೇಲೇರಲಿ. ಕೇಬಲ್ ಮೇಲೆ ಹರಿದು ಬಂದ ಮಳೆ ನೀರು ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಒಂದು ಗೇಣು ಹೆಚ್ಚು ತಂತಿ ಸಾಕು.

ಮೂರು, ತೂತಿಗೆ ಕೇಬಲ್ ಗ್ಲ್ಯಾಂಡ್ ಹಾಕಿ, ಕೇಬಲ್ ದಪ್ಪಕ್ಕೆ ಸರಿಯಾದ ಅಳತೆಯದ್ದು. ಪಿಜಿ 7 ಸುಮಾರು 3ರಿಂದ 6.5 ಮಿಲಿಮೀಟರ್ ದಪ್ಪದ ಕೇಬಲ್ಲಿಗೆ, ಪಿಜಿ 9 ಸುಮಾರು 4ರಿಂದ 8 ಮಿಲಿಮೀಟರಿಗೆ. ಒಂದೇ ಗ್ಲ್ಯಾಂಡಿನಲ್ಲಿ ಮೂರು ತೆಳು ತಂತಿ ತೂರಿಸಬೇಡಿ. ದುಂಡಗಿನ ರಬ್ಬರು ಮೂರು ತಂತಿಯ ನಡುವಿನ ಸಂದು ಮುಚ್ಚಲ್ಲ.

ತೋಟದ ನಡುವೆ ತಂತಿ ಜೋಡಿಸಿ ಬರೀ ಟೇಪು ಸುತ್ತೋದು ನಮ್ಮಲ್ಲಿ ರೂಢಿ. ಒಂದು ಮಳೆಗಾಲಕ್ಕೇ ಅದು ಬಿಟ್ಟುಕೊಳ್ಳುತ್ತೆ. ಆಮೇಲೆ ತಂತಿಯ ಎಳೆಗಳು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆದುಕೊಂಡು ಡಬ್ಬಿ ತನಕ ತರುತ್ತವೆ. ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಕೊಳವೆ, ಇಲ್ಲವೇ ಜೆಲ್ ತುಂಬಿದ ಕನೆಕ್ಟರ್ ಬಳಸಿ. ಜೋಡಣೆ ನೆಲದಿಂದ ಮೇಲೇ ಇರಲಿ.

ಸಿಲಿಕೋನ್ ಬಗ್ಗೆ ಎಚ್ಚರ: ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಸಿಲಿಕೋನ್ ಹಚ್ಚಿದಾಗ ವಿನೆಗರ್ ವಾಸನೆ ಬರುತ್ತೆ. ಅದು ಒಣಗುವಾಗ ಬಿಡೋದು ಅಸಿಟಿಕ್ ಆಮ್ಲ. ಮುಚ್ಚಿದ ಡಬ್ಬಿಯಲ್ಲಿ ಆ ಆವಿ ತಾಮ್ರಕ್ಕೆ ಕಿಲುಬು ಹಿಡಿಸುತ್ತೆ. ನಾನು ತುಂಬಿಸಿದ್ದು ಅದನ್ನೇ. "ನ್ಯೂಟ್ರಲ್ ಕ್ಯೂರ್" ಅಂತ ಬರೆದಿರೋದನ್ನು ಕೇಳಿ ತಗೊಳ್ಳಿ.

3. ಬೋರ್ಡಿಗೆ ಹೊದಿಕೆ

ಡಬ್ಬಿ, ಕೇಬಲ್ ಎಷ್ಟೇ ಸರಿ ಇದ್ದರೂ ಒಂದು ದಿನ ತೇವ ಒಳಗೆ ಬಂದೇ ಬರುತ್ತೆ. ಆಗ ಕಾಪಾಡೋದು ಬೋರ್ಡಿನ ಮೈಗೆ ಹಚ್ಚಿದ ತೆಳು ಪದರ. ಇದಕ್ಕೆ ಕನ್ಫಾರ್ಮಲ್ ಕೋಟಿಂಗ್ ಅಂತಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸ್ಪ್ರೇ ಡಬ್ಬಿಯಾಗಿ ಸಿಗುತ್ತೆ. ಅಕ್ರಿಲಿಕ್ ಮತ್ತು ಸಿಲಿಕೋನ್ ಎರಡು ಮುಖ್ಯ ಬಗೆ. ಅಕ್ರಿಲಿಕ್ ಬೇಗ ಒಣಗುತ್ತೆ, ರಿಪೇರಿ ಬಂದರೆ ದ್ರಾವಕದಿಂದ ತೆಗೆಯೋದು ಸುಲಭ. ಮೊದಲ ಸಲ ಮಾಡೋರಿಗೆ ಅದೇ ಸಾಕು. ಸಿಲಿಕೋನ್ ಹೆಚ್ಚು ಬಿಸಿ ತಡೆಯುತ್ತೆ, ಆದರೆ ತೆಗೆಯೋದು ಕಷ್ಟ.

ಇದನ್ನು ಅಡಿಕೆಗೆ ಬೋರ್ಡೋ ಹೊಡೆಯೋದಕ್ಕೆ ಹೋಲಿಸಿ ನೋಡಿ. ಬೋರ್ಡೋ ಹೊಡೆಯೋದು ಮಳೆ ಹಿಡಿಯೋ ಮೊದಲು, ಗೊನೆ ಒಣಗಿರುವಾಗ, ಎಲ್ಲ ಕಡೆಗೂ ತಾಗೋ ಹಾಗೆ. ರೋಗ ಬಂದ ಮೇಲೆ ಹೊಡೆದರೆ ಕೊಳೆತ ಕಾಯಿ ಸರಿ ಹೋಗಲ್ಲ. ಕೋಟಿಂಗ್ ಕೂಡ ಹಾಗೇ. ಒದ್ದೆ, ಕೊಳೆ ಇರೋ ಬೋರ್ಡಿನ ಮೇಲೆ ಹೊಡೆದರೆ ತೇವವನ್ನು ಒಳಗೇ ಕೂಡಿ ಹಾಕಿದ ಹಾಗಾಗುತ್ತೆ.

ಮಾಡೋ ಕ್ರಮ ಹೀಗಿದೆ:

• ಕರೆಂಟು, ಬ್ಯಾಟರಿ ಎರಡನ್ನೂ ಬಿಡಿಸಿ. ಬಿಚ್ಚೋ ಮೊದಲು ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಯಾವ ತಂತಿ ಎಲ್ಲಿಗೆ ಅಂತ ಆಮೇಲೆ ತಲೆ ಕೆರೆದುಕೊಳ್ಳೋದು ತಪ್ಪುತ್ತೆ.

• 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆದು ಬ್ರಶ್ ಅದ್ದಿ ಬೋರ್ಡನ್ನು ಎರಡೂ ಕಡೆ ಉಜ್ಜಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತೆ. ಇದು ಬೇಗ ಬೆಂಕಿ ಹಿಡಿಯೋ ವಸ್ತು. ಬೀಡಿ, ಒಲೆ ದೂರ ಇರಲಿ.

• ಫ್ಯಾನ್ ಕೆಳಗೆ ಕೆಲವು ಗಂಟೆ ಒಣಗಿಸಿ. ಮಳೆ ಇಲ್ಲದ ಒಣ ದಿನವನ್ನೇ ಆರಿಸಿಕೊಳ್ಳಿ.

• ಕೋಟಿಂಗ್ ತಾಗಬಾರದ ಜಾಗಕ್ಕೆಲ್ಲ ಮಾಸ್ಕಿಂಗ್ ಟೇಪು ಹಚ್ಚಿ. ತಂತಿ ಕಟ್ಟೋ ಸ್ಕ್ರೂ ಟರ್ಮಿನಲ್, ಸಿಮ್ ಕಾರ್ಡ್ ಜಾಗ, ಯುಎಸ್‌ಬಿ, ಬಟನ್, ಆಂಟೆನಾ ಪಿನ್, ತೆರೆದ ರಿಲೇ, ಗಾಳಿಯ ತೇವ ಅಳೆಯೋ ಸೆನ್ಸರ್. ಈ ಸೆನ್ಸರ್‌ನ ಕಿಂಡಿ ಮುಚ್ಚಿದರೆ ಅದು ಮತ್ತೆ ಸರಿಯಾದ ಲೆಕ್ಕ ಕೊಡಲ್ಲ.

• ಗಾಳಿಯಾಡೋ ಕಡೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಒಂದು ಅಡಿಗಿಂತ ಸ್ವಲ್ಪ ಹತ್ತಿರದಿಂದ ತೆಳುವಾಗಿ ಹೊಡೆಯಿರಿ. ಒಂದೇ ಸಲ ದಪ್ಪ ಬೇಡ. ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲ ಬೋರ್ಡು ತಿರುಗಿಸಿ. ಬೋರ್ಡಿನ ಹಿಂಭಾಗ ಮರೆಯಬೇಡಿ, ಬೆಸುಗೆ ಇರೋದೇ ಅಲ್ಲಿ.

• ಒಂದು ದಿನ ಪೂರ್ತಿ ಒಣಗಿಸಿ, ಟೇಪು ತೆಗೆಯಿರಿ. ಹೆಚ್ಚಿನ ಕೋಟಿಂಗ್‌ಗಳು ನೇರಳಾತೀತ ಬೆಳಕಿಗೆ ಹೊಳೆಯುತ್ತವೆ. ನೋಟು ಪರೀಕ್ಷೆ ಮಾಡೋ ಟಾರ್ಚ್ ಇದ್ದರೆ ಕತ್ತಲಲ್ಲಿ ಬಿಟ್ಟು ನೋಡಿ, ಎಲ್ಲಿ ತಪ್ಪಿದೆ ಅಂತ ಥಟ್ಟನೆ ಗೊತ್ತಾಗುತ್ತೆ.

ಟೇಪು ಹಚ್ಚಿದ್ದ ಟರ್ಮಿನಲ್‌ಗಳಿಗೆ ತಂತಿ ಬಿಗಿದ ಮೇಲೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ. ಬ್ಯಾಟರಿ ತುದಿಗೆ ಪೆಟ್ರೋಲಿಯಂ ಜೆಲ್ಲಿ ಆಗುತ್ತೆ. ನೇಲ್ ಪಾಲಿಶ್ ಹಚ್ಚಿದರೆ ಸಾಲದಾ ಅಂತ ಕೇಳ್ತಾರೆ. ತುರ್ತಿಗೆ ಪರವಾಗಿಲ್ಲ, ಆದರೆ ಬಿಸಿಲಿಗೆ ಬಿರುಕು ಬಿಡುತ್ತೆ.

4. ಮಣ್ಣಿನ ಸೆನ್ಸರ್

ಎರಡು ಕಡ್ಡಿಯ ಅಗ್ಗದ ಸೆನ್ಸರ್ ಮಣ್ಣಿನೊಳಗೆ ಕರೆಂಟು ಹರಿಸಿ ಅಳೆಯುತ್ತೆ. ಸದಾ ಡಿಸಿ ಕೊಟ್ಟಿದ್ದರೆ ಒಂದು ಕಡ್ಡಿ ಕೆಲವೇ ವಾರದಲ್ಲಿ ಕರಗಿ ಹೋಗಬಹುದು. ಓದೋ ಕ್ಷಣ ಮಾತ್ರ ಕರೆಂಟು ಕೊಡೋ ಹಾಗೆ ಮಾಡಿದರೆ ಬಾಳಿಕೆ ಹೆಚ್ಚು. ಕೆಪಾಸಿಟಿವ್ ಸೆನ್ಸರ್ ಇದಕ್ಕಿಂತ ಒಳ್ಳೆಯದು, ಅದರ ತಾಮ್ರ ಮಣ್ಣಿಗೆ ತಾಗಲ್ಲ. ಆದರೆ ಅದರಲ್ಲೂ ಎರಡು ಬಲಹೀನ ಜಾಗ ಇವೆ. ಕತ್ತರಿಸಿದ ಅಂಚಿನಿಂದ ಬೋರ್ಡು ನೀರು ಹೀರುತ್ತೆ, ಮೇಲ್ಗಡೆಯ ಬಿಡಿಭಾಗಗಳಿಗೆ ಹೊದಿಕೆಯೇ ಇರಲ್ಲ. ಅಂಚಿಗೆ ಎರಡು ಸಲ ಎಪಾಕ್ಸಿಯನ್ನೋ ವಾರ್ನಿಶ್ಶನ್ನೋ ಸವರಿ. ಮೇಲ್ಭಾಗಕ್ಕೆ ಕೋಟಿಂಗ್ ಹೊಡೆದು, ಅಂಟು ಇರೋ ದೊಡ್ಡ ಹೀಟ್ ಶ್ರಿಂಕ್ ಹಾಕಿ. ಮೇಲೆ ಎಳೆದಿರೋ ಗೆರೆಗಿಂತ ಆಳಕ್ಕೆ ಹೂಳಬೇಡಿ. ಹೊದಿಕೆ ಹಾಕಿದ ಮೇಲೆ ಒಣ ಮಣ್ಣು, ಒದ್ದೆ ಮಣ್ಣು ಎರಡರಲ್ಲೂ ಇಟ್ಟು ಲೆಕ್ಕ ಮತ್ತೆ ಹೊಂದಿಸಿಕೊಳ್ಳಿ.

ಬೋರ್ಡು ನೆನೆದೇ ಹೋದರೆ?

ಮೊದಲು ಕರೆಂಟು, ಬ್ಯಾಟರಿ ತೆಗೆಯಿರಿ. "ಓಡುತ್ತಾ ನೋಡೋಣ" ಅಂತ ಸ್ವಿಚ್ ಹಾಕೋದೇ ಎಷ್ಟೋ ಬೋರ್ಡುಗಳ ಕೊನೆ. ಕೆಸರು ತಾಗಿದ್ದರೆ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು, ಆಮೇಲೆ ಆಲ್ಕೋಹಾಲ್‌ನಿಂದ ಉಜ್ಜಿ, ಫ್ಯಾನ್ ಕೆಳಗೆ ಎರಡು ದಿನ ಬಿಡಿ. ಅಕ್ಕಿ ಡಬ್ಬದಲ್ಲಿ ಹೂತಿಡೋದರಿಂದ ಏನೂ ಲಾಭ ಇಲ್ಲ, ಅಕ್ಕಿಯ ಧೂಳು ಸೇರಿಕೊಳ್ಳುತ್ತೆ ಅಷ್ಟೇ. ಮಲೆನಾಡಿನವರಿಗೆ ಇನ್ನೊಂದು ಮಾತು. ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ, ಹೊಗೆಯ ಮಸಿ ಕೂತರೆ ತೇವಕ್ಕಿಂತ ಕಷ್ಟ.

ಯಂತ್ರ ತಪ್ಪಿದರೆ ತಡೆಯೋಕೆ ಇನ್ನೊಬ್ಬ ಕಾವಲುಗಾರ

ಇಷ್ಟೆಲ್ಲ ಮಾಡಿದರೂ ನಾನು ಈಗ ಒಂದೇ ರಿಲೇ ನಂಬಲ್ಲ. ಫಾಗರ್ ಲೈನಿನಲ್ಲಿ, ಕಂಟ್ರೋಲರ್ ಜೊತೆಗೆ, ಒಂದು ಬೇರೆ ಸಾದಾ ಟೈಮರ್ ಸ್ವಿಚ್ ಸಾಲಾಗಿ ಹಾಕಿಸಿದ್ದೀನಿ. ಸಂಜೆ ಆರಕ್ಕೆ ಅದು ಲೈನ್ ಕಡಿಯುತ್ತೆ, ಬೆಳಿಗ್ಗೆ ಎಂಟಕ್ಕೆ ಬಿಡುತ್ತೆ. ರಿಲೇ ಅಂಟಿಕೊಂಡು ಕೂತರೂ ರಾತ್ರಿ ನೀರು ಓಡಲ್ಲ. ಅದು ಪಂಪ್ ಮನೆ ಒಳಗೆ, ಬೇರೆ ಡಬ್ಬಿಯಲ್ಲಿದೆ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಎರಡಕ್ಕೂ ಒಂದೇ ಇಬ್ಬನಿ ಬೀಳ್ತಿತ್ತು. ಪಂಪ್ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡ ಹಾಕಿಸಿದ್ದೀನಿ. ಅದು ಬೋರ್ಡಿಗಲ್ಲ, ನಮ್ಮ ಜೀವಕ್ಕೆ.

ಮೇ ತಿಂಗಳ ಅರ್ಧ ದಿನ

ಮುಂಗಾರು ಹಿಡಿಯೋ ಮೊದಲು, ಬೋರ್ಡೋಗೆ ಸುಣ್ಣ, ಮೈಲುತುತ್ತ ತರೋ ವಾರದಲ್ಲೇ ಈ ಕೆಲಸವನ್ನೂ ಇಟ್ಟುಕೊಳ್ಳಿ. ಪ್ರತಿ ಡಬ್ಬಿ ತೆಗೆದು ನೋಡಿ. ಮುಚ್ಚಳದ ರಬ್ಬರ್ ಬಿರಿದಿದೆಯಾ, ತಳದ ತೂತು ಕಟ್ಟಿದೆಯಾ, ಜಾಲರಿ ಸರಿ ಇದೆಯಾ, ಎಲ್ಲಾದರೂ ಹಸಿರು ಕಿಲುಬು ಕಂಡಿತಾ, ಗ್ಲ್ಯಾಂಡ್ ಸಡಿಲ ಆಗಿದೆಯಾ. ಒಂದೊಂದು ಫೋಟೋ ತೆಗೆದು ತಾರೀಖು ಹಾಕಿ ಇಟ್ಟುಕೊಂಡರೆ ಮುಂದಿನ ವರ್ಷ ಹೋಲಿಸಿ ನೋಡಬಹುದು. ಮಳೆಗಾಲದ ನಡುವೆ, ಬಿಸಿಲು ಬಿಟ್ಟ ಒಂದು ದಿನ ಇನ್ನೊಮ್ಮೆ ನೋಡಿ. ಮುಚ್ಚಳದ ಒಳಮೈಗೆ ಬೆರಳಾಡಿಸಿ. ಒದ್ದೆ ತಾಗಿದರೆ ಡಬ್ಬಿ ಉಸಿರು ಕಟ್ಟಿದೆ ಅಂತ ಅರ್ಥ.

ನನ್ನ ಆ ಹಳೇ ಡಬ್ಬಿ ಇನ್ನೂ ಅದೇ ಜಾಗದಲ್ಲಿದೆ. ಸಿಲಿಕೋನ್ ಎಲ್ಲ ಕೆರೆದು ತೆಗೆದೆ, ಬೋರ್ಡು ಬದಲಿಸಿ ಕೋಟಿಂಗ್ ಹೊಡೆದೆ, ತಳಕ್ಕೆ ತೂತು ಕೊರೆದೆ. ಒಳ್ಳೆ ಡಬ್ಬಿಗೆ ತೂತು ಕೊರೆಯೋದು ನೋಡಿ ಅಪ್ಪ, "ಇದೇನೋ, ನೀರು ಬರ್ದಿರ್ಲಿ ಅಂತ ಡಬ್ಬಿ ತಂದು ತೂತು ಮಾಡ್ತಿದ್ದೀಯ" ಅಂದರು. "ಗದ್ದೆಗೆ ಕಂಡಿ ಬಿಡಲ್ವಾ ಅಪ್ಪ, ಹಾಗೇ" ಅಂದೆ. ಎರಡು ಮಳೆಗಾಲ ಕಳೆಯಿತು. ಮುಚ್ಚಳದ ಒಳಮೈ ಒಣಗಿದೆ, ಈ ವರ್ಷದ ಸಸಿಗಳು ಹಸಿರಾಗಿವೆ.

ನಿಮ್ಮ ತೋಟದ ಡಬ್ಬಿಗಳನ್ನು ಈ ಭಾನುವಾರವೇ ಒಮ್ಮೆ ತೆಗೆದು ನೋಡಿ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೆ ಮಾತ್ರ. ಮುಂದಿನ ವಾರ ಮತ್ತೆ ಗಿಡಗಳ ವಿಷಯದ ಜೊತೆ ಸಿಗೋಣ.